ಹೆಂಡತಿಗೆ ರಕ್ತಪರೀಕ್ಷೆ, ಗಂಡನಿಗೆ ಬೈಕ್ ಸ್ಟ್ಯಾಂಡ್



ಇವತ್ತಿನ ವಿಷಯ ಕೇಳಿದ ಕೂಡಲೇ ಕೆಲವು ಮನೆಗಳಲ್ಲಿ ರಿಮೋಟ್ ಕಡೆ ಕೈ ಹೋಗುತ್ತೆ. ಅಪ್ಪ ಕೆಮ್ಮುತ್ತಾರೆ, ಅಮ್ಮ ಎದ್ದು ಅಡುಗೆಮನೆಗೆ ಹೋಗ್ತಾರೆ, ಮಗ ಮೊಬೈಲ್ ಒಳಗೆ ತಲೆ ಹಾಕ್ತಾನೆ. ದಯವಿಟ್ಟು ಹದಿನೈದು ನಿಮಿಷ ಚಾನೆಲ್ ಬದಲಾಯಿಸಬೇಡಿ. ಇವತ್ತು ನಾನು ಮಾತಾಡ್ತಿರೋದು ಲೈಂಗಿಕ ಸೋಂಕುಗಳ ಬಗ್ಗೆ. ಅದರಲ್ಲೂ ಗಂಡಸರು ಮಾಡಿಸಿಕೊಳ್ಳಬೇಕಾದ, ಆದರೆ ಮಾಡಿಸಿಕೊಳ್ಳದೇ ಇರುವ ಪರೀಕ್ಷೆಯ ಬಗ್ಗೆ. ನಮ್ಮ ಊರಿನ ಗೋಡೆಗಳ ಮೇಲೆ ಇದಕ್ಕೆ ‘ಗುಪ್ತರೋಗ’ ಅಂತ ಹೆಸರು. ಆ ಹೆಸರೇ ಅರ್ಧ ಸಮಸ್ಯೆ. ಗುಪ್ತವಾಗಿ ಇಟ್ಟಷ್ಟೂ ಅದು ಹರಡುತ್ತೆ.

ಉದಾಹರಣೆಗೆ ಮೂರು ತಾಲೂಕು ತಗೊಳ್ಳೋಣ. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ. ಇಲ್ಲೇ ಒಂದು ಮಾತು ಸ್ಪಷ್ಟ ಮಾಡ್ತೀನಿ. ಈ ಮೂರು ತಾಲೂಕುಗಳಲ್ಲಿ ಕಾಯಿಲೆ ಬೇರೆ ಕಡೆಗಿಂತ ಜಾಸ್ತಿ ಇದೆ ಅಂತ ನಾನು ಹೇಳ್ತಿಲ್ಲ. ಇವು ಕರ್ನಾಟಕದ ಬಹುತೇಕ ತಾಲೂಕುಗಳ ಹಾಗೇ ಇರುವ ತಾಲೂಕುಗಳು, ಅದಕ್ಕೇ ಆರಿಸಿಕೊಂಡಿದ್ದೀನಿ. ಕಡೂರಲ್ಲಿ ತೆಂಗು, ತರೀಕೆರೆಯಲ್ಲಿ ಅಡಿಕೆ, ಅಜ್ಜಂಪುರದಲ್ಲಿ ಈರುಳ್ಳಿ. ಕಡೂರು, ಬೀರೂರು, ತರೀಕೆರೆ ಮೂರೂ ಊರಿನ ಮಧ್ಯೆ ಹಾದು ಹೋಗುವ ಬಿ.ಎಚ್. ರಸ್ತೆ, ಬೆಂಗಳೂರಿಂದ ಹೊನ್ನಾವರದವರೆಗೆ. ಬೀರೂರಿನಲ್ಲಿ ರೈಲು ಹಳಿ ಕವಲೊಡೆದು ಒಂದು ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ. ಬೆಳೆ ಇಲ್ಲದ ತಿಂಗಳುಗಳಲ್ಲಿ ಕೂಲಿಗೆ ಘಟ್ಟದ ಕಾಫಿ ತೋಟಗಳಿಗೆ ಹೋಗುವವರಿದ್ದಾರೆ, ಬೆಂಗಳೂರಿಗೆ ಹೋಗುವವರಿದ್ದಾರೆ. ಲಾರಿ ಓಡಿಸುವವರು, ಫ್ಯಾಕ್ಟರಿಗೆ ಹೋಗುವವರು, ಹಾಸ್ಟೆಲ್‌ನಲ್ಲಿ ಓದುವ ಹುಡುಗರು. ಮನುಷ್ಯ ಓಡಾಡುವ ಕಡೆಯೆಲ್ಲ ಸೋಂಕೂ ಓಡಾಡುತ್ತೆ. ಇದರಲ್ಲಿ ಊರಿಗೆ ಅವಮಾನ ಏನೂ ಇಲ್ಲ.

ಈಗ ವಿಷಯಕ್ಕೆ ಬರ್ತೀನಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ಇರುತ್ತೆ. 2016ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸುರಕ್ಷಿತ ಮಾತೃತ್ವ ಅಭಿಯಾನ ಅದು. ತಾಯಿ ಕಾರ್ಡ್ ಹಿಡಿದುಕೊಂಡು ಹೆಣ್ಣುಮಕ್ಕಳು ಸಾಲಲ್ಲಿ ನಿಲ್ತಾರೆ. ತೂಕ ನೋಡ್ತಾರೆ, ಬಿ.ಪಿ. ನೋಡ್ತಾರೆ, ಹಿಮೋಗ್ಲೋಬಿನ್ ನೋಡ್ತಾರೆ. ಬಸುರಿ ಅಂತ ಗೊತ್ತಾದ ಮೇಲೆ ಮಾಡಬೇಕಾದ ರಕ್ತಪರೀಕ್ಷೆಗಳ ಪಟ್ಟಿಯಲ್ಲಿ ಇನ್ನೆರಡು ಇವೆ. ಒಂದು ಎಚ್.ಐ.ವಿ., ಇನ್ನೊಂದು ಸಿಫಿಲಿಸ್. ಇದು ಒಳ್ಳೆಯ ವ್ಯವಸ್ಥೆ, ಸಾವಿರಾರು ಮಕ್ಕಳನ್ನು ಉಳಿಸಿರುವ ವ್ಯವಸ್ಥೆ. ಇದರ ಬಗ್ಗೆ ನನ್ನ ತಕರಾರಿಲ್ಲ.

ನನ್ನ ಪ್ರಶ್ನೆ ಒಂದೇ. ಅವಳನ್ನ ಬೈಕ್‌ನಲ್ಲಿ ಕೂರಿಸಿಕೊಂಡು ಕರ್ಕೊಂಡು ಬಂದನಲ್ಲ, ಆ ಗಂಡ ಎಲ್ಲಿ? ಅವನು ಹೊರಗೆ ಬೈಕ್ ಸ್ಟ್ಯಾಂಡ್ ಹತ್ತಿರ ನಿಂತಿದ್ದಾನೆ. ಟೀ ಕುಡಿದಿದ್ದಾನೆ, ರೀಲ್ಸ್ ನೋಡ್ತಿದ್ದಾನೆ. ಅವನ ಬೆರಳಿಗೆ ಸೂಜಿ ಯಾರೂ ಚುಚ್ಚಲಿಲ್ಲ. ಒಳಗೆ ಬಾರಪ್ಪ ಅಂತಾನೂ ಬಹಳ ಕಡೆ ಯಾರೂ ಕರೆಯಲ್ಲ.

ಅಲ್ಲಾ ಸ್ವಾಮಿ, ಇದು ಲೈಂಗಿಕವಾಗಿ ಹರಡುವ ಸೋಂಕು. ಹೆಸರಲ್ಲೇ ಇಬ್ಬರಿದ್ದಾರೆ. ಪರೀಕ್ಷೆ ಮಾತ್ರ ಒಬ್ಬರಿಗೆ ಯಾಕೆ?

ನಾನು ಓದಿದ್ದು ಎಂಜಿನಿಯರಿಂಗ್. ಅದರ ಭಾಷೆಯಲ್ಲಿ ಹೇಳ್ತೀನಿ. ಮನೆ ಮೇಲೆ ಎರಡು ಸಿಂಟೆಕ್ಸ್ ಟ್ಯಾಂಕ್ ಇವೆ, ಎರಡಕ್ಕೂ ಮಧ್ಯೆ ಒಂದು ಪೈಪ್. ನೀರು ಕೆಟ್ಟಿದೆ. ನೀವು ಒಂದು ಟ್ಯಾಂಕ್ ತೊಳೆದು, ಬ್ಲೀಚಿಂಗ್ ಹಾಕಿ, ಮುಚ್ಚಳ ಮುಚ್ಚಿದ್ರಿ. ಇನ್ನೊಂದರ ಮುಚ್ಚಳ ತೆಗೆದೂ ನೋಡಲಿಲ್ಲ. ಎಷ್ಟು ದಿನ ಚೆನ್ನಾಗಿರುತ್ತೆ ನೀರು? ಸಿಫಿಲಿಸ್ ಇರುವ ಗರ್ಭಿಣಿಗೆ ಪೆನ್ಸಿಲಿನ್ ಚುಚ್ಚುಮದ್ದು ಕೊಟ್ಟು ವಾಸಿ ಮಾಡ್ತೀರಿ. ಚಿಕಿತ್ಸೆ ಆಗದ ಗಂಡನ ಜೊತೆ ಅವಳು ಮನೆಗೆ ಹೋಗ್ತಾಳೆ. ಸಿಫಿಲಿಸ್ ಒಂದು ಸಲ ಬಂದು ಹೋದರೆ ಮತ್ತೆ ಬರಲ್ಲ ಅಂತ ಏನಿಲ್ಲ. ಮತ್ತೆ ಬರುತ್ತೆ. ಅದೇ ಬಸಿರಲ್ಲೇ ಬರಬಹುದು.

ಇನ್ನೊಂದು ಸಾಧ್ಯತೆ ಇದಕ್ಕಿಂತ ಕೆಟ್ಟದ್ದು. ಮೂರನೇ ತಿಂಗಳಲ್ಲಿ ಅವಳ ಪರೀಕ್ಷೆ ಮಾಡಿದಾಗ ಸೋಂಕು ಇಲ್ಲ ಅಂತ ಬಂತು. ಎಲ್ಲರೂ ನಿಶ್ಚಿಂತೆ. ಆದರೆ ಗಂಡನಿಗೆ ಸೋಂಕಿದೆ, ಅವನಿಗೇ ಗೊತ್ತಿಲ್ಲ. ಐದನೇ ತಿಂಗಳಲ್ಲೋ ಆರನೇ ತಿಂಗಳಲ್ಲೋ ಅವಳಿಗೆ ತಗುಲಿತು. ಕಾರ್ಡ್‌ನಲ್ಲಿ ಬರೆದಿರೋದು ‘ನೆಗೆಟಿವ್’ ಅಂತಾನೇ. ಅಂದರೆ ಅವಳ ಕಾರ್ಡ್‌ನಲ್ಲಿರುವ ಆ ಒಂದು ಪದ ಸುಳ್ಳಾಗದೇ ಇರಬೇಕಾದರೆ ಗಂಡನ ರಕ್ತಪರೀಕ್ಷೆ ಆಗಬೇಕು.

ಇದರ ಬೆಲೆ ಏನು ಗೊತ್ತಾ? ಗರ್ಭಿಣಿಯ ಸಿಫಿಲಿಸ್‌ಗೆ ಚಿಕಿತ್ಸೆ ಆಗದೇ ಇದ್ದರೆ ಗರ್ಭಪಾತ ಆಗಬಹುದು, ಮಗು ಹೊಟ್ಟೆಯಲ್ಲೇ ಸಾಯಬಹುದು, ಹುಟ್ಟಿದ ಕೆಲವೇ ದಿನಕ್ಕೆ ಸಾಯಬಹುದು, ಬದುಕಿದರೆ ಮೂಳೆ, ಕಣ್ಣು, ಕಿವಿ, ಮೆದುಳಿಗೆ ಪೆಟ್ಟು ಬೀಳಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ, ತಡೆಯಬಹುದಾಗಿದ್ದ ಸತ್ತ ಹೆರಿಗೆಗಳ ಸೋಂಕಿನ ಕಾರಣಗಳಲ್ಲಿ ಮಲೇರಿಯಾ ಬಿಟ್ಟರೆ ಮುಂದಿನದ್ದು ಸಿಫಿಲಿಸ್. ನಮ್ಮ ಕಡೆ ಗರ್ಭ ನಿಲ್ಲದೇ ಹೋದಾಗ ಏನಾಗುತ್ತೆ ಅಂತ ನಿಮಗೆ ಗೊತ್ತು. ಸೊಸೆಯ ಜಾತಕ ತೋರಿಸ್ತಾರೆ. ಹರಕೆ ಹೊರ್ತಾರೆ. ಅವಳು ಭಾರ ಎತ್ತಿದ್ದಕ್ಕೆ ಹೀಗಾಯ್ತು, ಪಪ್ಪಾಯ ತಿಂದಿದ್ದಕ್ಕೆ ಹೀಗಾಯ್ತು ಅಂತಾರೆ. ಮಗನ ರಕ್ತ ಒಂದು ಸಲ ನೋಡಿಸೋಣ ಅಂತ ಹೇಳಿದ ಅತ್ತೆಯನ್ನ ನೀವು ಎಲ್ಲಾದರೂ ನೋಡಿದ್ದೀರಾ?

ಗಂಡಸರು ಇದಕ್ಕೆ ಒಂದು ಉತ್ತರ ಇಟ್ಟುಕೊಂಡಿರ್ತಾರೆ. ‘ನಂಗೇನೂ ತೊಂದ್ರೆ ಇಲ್ಲ ಸಾರ್. ಚೆನ್ನಾಗೇ ಇದೀನಿ.’ ಇದೇ ಮೋಸ. ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯೋದೇ ಇಲ್ಲ. ಸೋಂಕು ತಗುಲಿ ಸುಮಾರು 3 ವಾರಕ್ಕೆ, ಕೆಲವರಲ್ಲಿ 3 ತಿಂಗಳವರೆಗೂ ತಡವಾಗಿ, ಒಂದು ಗಟ್ಟಿ ಹುಣ್ಣು ಬರುತ್ತೆ. ಮದ್ದು ಮಾಡದಿದ್ದರೂ 3ರಿಂದ 6 ವಾರದಲ್ಲಿ ತಾನಾಗೇ ಮಾಯುತ್ತೆ. ಆಮೇಲೆ ಮೈಮೇಲೆ, ಅಂಗೈ ಅಂಗಾಲಲ್ಲಿ ದದ್ದು ಬರಬಹುದು. ಅದೂ ಹೋಗುತ್ತೆ. ಮನುಷ್ಯ ‘ಗುಣ ಆಯ್ತು’ ಅಂದ್ಕೊಳ್ತಾನೆ. ರೋಗಾಣು ಒಳಗೇ ಇರುತ್ತೆ. ಹತ್ತಾರು ವರ್ಷದ ಮೇಲೆ ಕೆಲವರಲ್ಲಿ ಹೃದಯಕ್ಕೆ, ಮೆದುಳಿಗೆ, ನರಗಳಿಗೆ ಕೈ ಹಾಕುತ್ತೆ. ಎಚ್.ಐ.ವಿ. ಇರುವವರು ವರ್ಷಗಟ್ಟಲೆ ಗಟ್ಟಿಮುಟ್ಟಾಗಿ ಓಡಾಡಬಹುದು. ಕ್ಲಮಿಡಿಯಾ ಅನ್ನೋ ಸೋಂಕು ಬಹಳಷ್ಟು ಗಂಡಸರಲ್ಲಿ ಯಾವ ಲಕ್ಷಣವನ್ನೂ ತೋರಿಸಲ್ಲ, ಅವರ ಹೆಂಡಿರಲ್ಲಿ ಗರ್ಭನಾಳ ಕಟ್ಟಿಕೊಂಡು ಬಂಜೆತನಕ್ಕೆ ದಾರಿ ಮಾಡುತ್ತೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಕೇಳಿ. 2020ನೇ ಇಸವಿ ಒಂದರಲ್ಲೇ ಜಗತ್ತಿನಲ್ಲಿ 15ರಿಂದ 49 ವರ್ಷದವರಲ್ಲಿ ವಾಸಿಯಾಗಬಲ್ಲ ನಾಲ್ಕು ಲೈಂಗಿಕ ಸೋಂಕುಗಳ 37 ಕೋಟಿಗೂ ಹೆಚ್ಚು ಹೊಸ ಪ್ರಕರಣ. ದಿನಕ್ಕೆ 10 ಲಕ್ಷಕ್ಕೂ ಮೇಲೆ. ಇದರಲ್ಲಿ ಬಹುಪಾಲಿಗೆ ಲಕ್ಷಣ ಇಲ್ಲ, ಇದ್ದರೂ ಸಣ್ಣದು. ಲಕ್ಷಣ ಇದ್ದಾಗ ಮಾಡೋದು ಚಿಕಿತ್ಸೆಯ ಪರೀಕ್ಷೆ. ಲಕ್ಷಣ ಇಲ್ಲದಿರುವಾಗ ಮಾಡೋದು ತಪಾಸಣೆ. ಅಡಿಕೆ ತೋಟಕ್ಕೆ ಕೊಳೆ ಬಂದ ಮೇಲೆ ಔಷಧಿ ಹೊಡೀತೀರಾ, ಮಳೆ ಹಿಡಿಯೋ ಮುಂಚೆ ಹೊಡೀತೀರಾ? ತರೀಕೆರೆಯ ಬೆಳೆಗಾರರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಇನ್ನು ಲಕ್ಷಣ ಇದ್ದವರ ಕಥೆ. ಮೂತ್ರ ಮಾಡುವಾಗ ಉರಿ ಬರುತ್ತೆ, ಕೀವು ಬರುತ್ತೆ. ನಮ್ಮಲ್ಲಿ ಅದಕ್ಕೆ ರೆಡಿ ಇರುವ ಪದ ‘ಉಷ್ಣ’. ಎಳನೀರು ಕುಡಿ, ಬಾರ್ಲಿ ನೀರು ಕುಡಿ, ತಲೆಗೆ ಹರಳೆಣ್ಣೆ ಹಾಕು. ಎಳನೀರಿಗೆ ಬರವಿಲ್ಲದ ಕಡೂರಿನಲ್ಲಿ ಎಷ್ಟು ಗೊನೋರಿಯಾಗಳು ಉಷ್ಣ ಅಂತ ಕರೆಸಿಕೊಂಡಿವೆಯೋ ಆ ದೇವರಿಗೇ ಗೊತ್ತು. ಎಳನೀರು ಒಳ್ಳೆಯದೇ, ಕುಡಿಯಿರಿ. ಅದು ಗೊನೋರಿಯಾವನ್ನ ಕೊಲ್ಲಲ್ಲ.

ಎರಡನೇ ದಾರಿ ಮೆಡಿಕಲ್ ಶಾಪ್. ಅಂಗಡಿ ಖಾಲಿ ಆಗೋವರೆಗೆ ಕಾದು, ತಲೆ ತಗ್ಗಿಸಿ, ‘ಉರಿಗೆ ಏನಾದ್ರೂ ಕೊಡಿ ಅಣ್ಣಾ’ ಅಂತ ಕೇಳೋದು. ನಾಲ್ಕು ಮಾತ್ರೆ ಸಿಗುತ್ತೆ. ಎರಡು ನುಂಗಿದಾಗ ಉರಿ ಕಡಿಮೆ ಆಯ್ತು ಅಂತ ಉಳಿದದ್ದು ಅಂಗಿ ಜೇಬಲ್ಲೇ ಉಳಿಯುತ್ತೆ. ಇಂಥ ಅರೆಬರೆ ಚಿಕಿತ್ಸೆಯಿಂದಲೇ ಗೊನೋರಿಯಾ ಒಂದೊಂದೇ ಔಷಧಿಗೆ ಬಗ್ಗದಂತೆ ಬಲಿತಿದೆ. ಒಂದು ಕಾಲಕ್ಕೆ ಅದಕ್ಕೆ ರಾಮಬಾಣವಾಗಿದ್ದ ಸಿಪ್ರೊಫ್ಲಾಕ್ಸಸಿನ್ ಇವತ್ತು ಹೆಚ್ಚಿನ ಕಡೆ ಕೆಲಸ ಮಾಡಲ್ಲ.

ಮೂರನೇ ದಾರಿ ಗೋಡೆ ಬರಹ. ಬಸ್ ಸ್ಟ್ಯಾಂಡ್ ಶೌಚಾಲಯದ ಒಳಗೆ, ರೈಲ್ವೆ ಗೇಟ್ ಪಕ್ಕದ ಕಾಂಪೌಂಡ್ ಮೇಲೆ ನೋಡಿರ್ತೀರಿ. ‘ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ, ಪ್ರತಿ ತಿಂಗಳು ಇಂಥ ಲಾಡ್ಜ್, ಇಂಥ ರೂಮ್.’ ಗಂಡಸಿನ ನಾಚಿಕೆಯನ್ನ ಬಂಡವಾಳ ಮಾಡಿಕೊಂಡ ವ್ಯಾಪಾರ ಅದು. ಡಾಕ್ಟರ್ ಹತ್ತಿರ ಪುಕ್ಕಟೆಯಾಗಿ ಹೋಗೋಕೆ ನಾಚಿಕೆ, ಲಾಡ್ಜ್ ರೂಮಲ್ಲಿ ಸಾವಿರಾರು ರೂಪಾಯಿ ಕೊಟ್ಟು ಪುಡಿ ತಗೊಳ್ಳೋಕೆ ನಾಚಿಕೆ ಇಲ್ಲ!

ಈ ಕಾಯಿಲೆಯ ಹೊಣೆಯನ್ನ ಇನ್ನೊಬ್ಬರ ತಲೆಗೆ ಕಟ್ಟೋದು ಇವತ್ತಿನ ಚಾಳಿ ಅಲ್ಲ. ನಮ್ಮ ಹಿರಿಯರು ಸಿಫಿಲಿಸ್‌ಗೆ ಏನಂತಿದ್ದರು? ಪರಂಗಿ ಹುಣ್ಣು. ಅಂದರೆ ಪರಂಗಿಯವರು ತಂದಿದ್ದು. 16ನೇ ಶತಮಾನದ ಆಯುರ್ವೇದ ಗ್ರಂಥ ಭಾವಪ್ರಕಾಶದಲ್ಲೂ ಇದರ ಹೆಸರು ಫಿರಂಗ ರೋಗ. ಆ ಕಡೆ ಯುರೋಪಿನಲ್ಲಿ ಇಟಲಿಯವರು ಅದನ್ನ ಫ್ರೆಂಚರ ಕಾಯಿಲೆ ಅಂದರು, ಫ್ರೆಂಚರು ನೇಪಲ್ಸ್‌ನವರ ಕಾಯಿಲೆ ಅಂದರು. ನಮ್ಮದು ಅಂತ ಯಾರೂ ಒಪ್ಪಿಕೊಳ್ಳಲಿಲ್ಲ.

ಬ್ರಿಟಿಷರು ಬಂದ ಮೇಲೆ ಹೊಣೆ ಪೂರ್ತಿ ಹೆಂಗಸಿನ ತಲೆಗೆ ಬಂತು. ಸೈನಿಕರಲ್ಲಿ ಸಿಫಿಲಿಸ್, ಗೊನೋರಿಯಾ ವಿಪರೀತ ಆಗಿತ್ತು. 1864ರಲ್ಲಿ ಕಂಟೋನ್ಮೆಂಟ್ ಕಾಯ್ದೆ, 1868ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದರು. ದಂಡಿನ ಪ್ರದೇಶದಲ್ಲಿ ವೇಶ್ಯಾವೃತ್ತಿಯಲ್ಲಿದ್ದ ಹೆಂಗಸರು ಹೆಸರು ನೋಂದಾಯಿಸಬೇಕು, ಆಗಾಗ ದೇಹ ಪರೀಕ್ಷೆಗೆ ಬರಬೇಕು, ಸೋಂಕು ಕಂಡರೆ ‘ಲಾಕ್ ಆಸ್ಪತ್ರೆ’ ಅನ್ನೋ ಜಾಗದಲ್ಲಿ ಕೂಡಿಹಾಕಬೇಕು. ನಮ್ಮ ಬೆಂಗಳೂರು ದಂಡಿನಲ್ಲೂ ಇಂಥ ಲಾಕ್ ಆಸ್ಪತ್ರೆ ಇತ್ತು. ಅವರ ಹತ್ತಿರ ಹೋಗುತ್ತಿದ್ದ ಸೈನಿಕನಿಗೆ ಆ ಕಾಯ್ದೆಯ ಕಟ್ಟುಪಾಡು ಇರಲಿಲ್ಲ. ಇಂಗ್ಲೆಂಡಿನಲ್ಲಿ ಜೋಸೆಫಿನ್ ಬಟ್ಲರ್ ಅನ್ನೋ ಮಹಿಳೆ ಇಂಥ ಕಾಯ್ದೆಗಳ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಭಾರತದ ಕಾಯ್ದೆ 1888ರಲ್ಲಿ ರದ್ದಾಯ್ತು. ಕಾಯ್ದೆ ಹೋಯ್ತು. ಪರೀಕ್ಷೆ ಅಂದರೆ ಹೆಂಗಸಿಗೆ ಅನ್ನೋ ಬುದ್ಧಿ ಹೋಯ್ತಾ?

ಅಜ್ಜಂಪುರದವರಿಗೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮೂರಿನ ಅಮೃತಮಹಲ್ ತಳಿ ಕೇಂದ್ರ ನಾಡಿಗೇ ಹೆಸರುವಾಸಿ. ದನಗಳ ವಿಷಯದಲ್ಲಿ ನಮ್ಮ ದೇಶದ ನಿಯಮ ಏನು ಗೊತ್ತಾ? ಕೃತಕ ಗರ್ಭಧಾರಣೆಗೆ ವೀರ್ಯ ಕೊಡುವ ಹೋರಿಗೆ ಬ್ರೂಸೆಲ್ಲಾ, ಟ್ರೈಕೊಮೊನಾಸ್ ಥರದ ರೋಗಗಳು ಇಲ್ಲ ಅಂತ ಪರೀಕ್ಷೆ ಆಗಬೇಕು. ಒಂದು ಸಲ ಅಲ್ಲ, ಮತ್ತೆ ಮತ್ತೆ. ಯಾಕೆ? ಒಂದು ಹೋರಿಯಿಂದ ಹಸುಗಳಿಗೆ ರೋಗ ಹರಡಿ ಕರು ಸತ್ತರೆ ನಷ್ಟ ಅಂತ. ಹೋರಿಯ ವಿಷಯದಲ್ಲಿ ನಮಗೆ ಇಷ್ಟು ಸರಳವಾಗಿ ಅರ್ಥ ಆಗೋದು, ಗಂಡಸಿನ ವಿಷಯ ಬಂದಾಗ ಯಾಕೆ ಅರ್ಥ ಆಗಲ್ಲ?

ಈಗ ಒಂದು ಅನ್ಯಾಯದ ಬಗ್ಗೆ ಹೇಳಲೇಬೇಕು. ಗಂಡಹೆಂಡಿರಲ್ಲಿ ಹೆಂಡತಿಗೆ ಮಾತ್ರ ಮೊದಲು ಪರೀಕ್ಷೆ ಆಗುತ್ತೆ ಅಂದರೆ, ಸೋಂಕಿದೆ ಅಂತ ಮೊದಲು ಗೊತ್ತಾಗೋದು ಅವಳಿಗೇ. ಮೊದಲು ಗೊತ್ತಾದವಳೇ ಮೊದಲ ಆರೋಪಿ. ‘ನೀನೇ ಎಲ್ಲಿಂದಲೋ ತಂದೆ’ ಅಂತಾರೆ. ತವರಿಗೆ ಅಟ್ಟುತ್ತಾರೆ. ಮದುವೆಯಾಗಿ ಮನೆ ಬಿಟ್ಟು ಆಚೆ ಹೋಗದ ಹೆಣ್ಣಿಗೂ ಈ ಮಾತು ತಪ್ಪಿಲ್ಲ. ಯಾರಿಗೆ ಮೊದಲು ಬಂತು ಅನ್ನೋದನ್ನ ರಕ್ತಪರೀಕ್ಷೆ ಹೇಳಲ್ಲ, ಯಾರಿಗೆ ಮೊದಲು ಪರೀಕ್ಷೆ ಆಯ್ತು ಅನ್ನೋದು ಮಾತ್ರ ಗೊತ್ತಾಗುತ್ತೆ. ಇಬ್ಬರೂ ಒಂದೇ ದಿನ, ಒಂದೇ ಟೇಬಲ್ ಮುಂದೆ ಕೂತರೆ ಈ ಆರೋಪದ ಆಟಕ್ಕೆ ಅರ್ಧ ಜಾಗ ಇರಲ್ಲ.

ಸರಿ, ಪರೀಕ್ಷೆ ಮಾಡಿಸಬೇಕು ಅಂತ ಮನಸ್ಸು ಮಾಡಿದ್ರಿ. ಎಲ್ಲಿಗೆ ಹೋಗಬೇಕು? ತಾಲೂಕು ಆಸ್ಪತ್ರೆಯಲ್ಲಿ ಐ.ಸಿ.ಟಿ.ಸಿ. ಅಂತ ಒಂದು ಕೋಣೆ ಇರುತ್ತೆ. ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ. ಲೈಂಗಿಕ ಸೋಂಕುಗಳ ಚಿಕಿತ್ಸೆಗೆ ಸರ್ಕಾರಿ ವ್ಯವಸ್ಥೆಯಲ್ಲಿ ‘ಸುರಕ್ಷಾ ಕ್ಲಿನಿಕ್’ ಅನ್ನೋ ಹೆಸರಿನ ಕೇಂದ್ರಗಳಿವೆ. ಎರಡೂ ಪುಕ್ಕಟೆ. ಎಲ್ಲಿದೆ ಅಂತ ಯಾರನ್ನೂ ಕೇಳೋಕೆ ಮನಸ್ಸಿಲ್ಲ ಅಂದರೆ 1097ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಸಹಾಯವಾಣಿ, ಕಾಸು ಬೀಳಲ್ಲ, ನಿಮ್ಮ ಮುಖ ಅವರಿಗೆ ಕಾಣಲ್ಲ.

ಒಳಗೆ ಹೋದರೆ ಏನು ಮಾಡ್ತಾರೆ? ಮೊದಲು ಸಮಾಲೋಚಕರು ಬಾಗಿಲು ಮುಚ್ಚಿ ಮಾತಾಡಿಸ್ತಾರೆ. ಆಮೇಲೆ ನಿಮ್ಮ ಒಪ್ಪಿಗೆ ತಗೊಂಡು ಸ್ವಲ್ಪ ರಕ್ತ ತಗೋತಾರೆ. ಎಚ್.ಐ.ವಿ. ಇದೆ ಅಂತ ಹೇಳೋ ಮುಂಚೆ ಬೇರೆ ಬೇರೆ ಮೂರು ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ತಾರೆ. ಸೋಂಕು ತಗುಲಿದ ಮರುದಿನವೇ ಪರೀಕ್ಷೆಯಲ್ಲಿ ಕಾಣಲ್ಲ ಅನ್ನೋದು ನೆನಪಿರಲಿ. ಎಚ್.ಐ.ವಿ.ಗೂ ಸಿಫಿಲಿಸ್‌ಗೂ ರಕ್ತದಲ್ಲಿ ಕಾಣೋಕೆ ಸಮಯ ಬೇಕು. ಅದಕ್ಕೇ ಅನುಮಾನ ಇದ್ದವರಿಗೆ 3 ತಿಂಗಳ ಮೇಲೆ ಮತ್ತೆ ಬನ್ನಿ ಅಂತಾರೆ. ಮೊದಲ ಸಲ ‘ಇಲ್ಲ’ ಅಂತ ಬಂದಿದ್ದನ್ನೇ ಸರ್ಟಿಫಿಕೇಟ್ ಮಾಡಿಕೊಂಡು ಓಡಾಡಬೇಡಿ.

ಇದೆ ಅಂತ ಬಂದರೆ? ಶುರುವಿನ ಹಂತದ ಸಿಫಿಲಿಸ್‌ಗೆ ಪೆನ್ಸಿಲಿನ್‌ನ ಒಂದು ಡೋಸ್ ಚುಚ್ಚುಮದ್ದು ಸಾಕಾಗುತ್ತೆ. ನೂರು ವರ್ಷದ ಹಿಂದೆ ಪಾದರಸ ತಿಕ್ಕಿಸಿಕೊಂಡು ಹಲ್ಲು ಉದುರಿಸಿಕೊಳ್ಳುತ್ತಿದ್ದ ಕಾಯಿಲೆ ಇದು. 1943ರಲ್ಲಿ ಪೆನ್ಸಿಲಿನ್‌ಗೆ ಬಗ್ಗಿತು, ಇವತ್ತಿಗೂ ಬಗ್ಗುತ್ತೆ. ಗೊನೋರಿಯಾ, ಕ್ಲಮಿಡಿಯಾಗೆ ಮಾತ್ರೆ, ಚುಚ್ಚುಮದ್ದುಗಳಿವೆ. ಸರ್ಕಾರಿ ಕ್ಲಿನಿಕ್‌ಗಳಲ್ಲಿ ಲಕ್ಷಣಕ್ಕೆ ತಕ್ಕ ಹಾಗೆ ಬಣ್ಣಬಣ್ಣದ ಔಷಧಿ ಕಿಟ್ ಕೊಡುವ ಪದ್ಧತಿ ಇದೆ. ಕೀವಿನ ತೊಂದರೆಗೆ ಬೂದು ಬಣ್ಣದ್ದು. ಸಂಗಾತಿಗೂ ಚಿಕಿತ್ಸೆ ಕೊಡಬೇಕು ಅನ್ನೋದು ಆ ಪದ್ಧತಿಯ ಮೂಲ ನಿಯಮ. ಎಚ್.ಐ.ವಿ.ಯನ್ನ ಪೂರ್ತಿ ತೆಗೆದುಹಾಕುವ ಮದ್ದಿಲ್ಲ, ಹದ್ದುಬಸ್ತಿನಲ್ಲಿಡುವ ಮದ್ದಿದೆ. 2004ರ ಏಪ್ರಿಲ್ 1ರಿಂದ ಸರ್ಕಾರ ಎ.ಆರ್.ಟಿ. ಮಾತ್ರೆಯನ್ನ ಉಚಿತವಾಗಿ ಕೊಡ್ತಿದೆ. 2017ರಿಂದ ಸೋಂಕು ಗೊತ್ತಾದ ಎಲ್ಲರಿಗೂ ಕೊಡ್ತಿದೆ. ತಪ್ಪದೇ ಮಾತ್ರೆ ತಗೊಂಡು ರಕ್ತದಲ್ಲಿ ವೈರಸ್ ಅಳತೆಗೆ ಸಿಗದಷ್ಟು ಕಡಿಮೆ ಆಗಿ ಹಾಗೇ ಉಳಿದರೆ, ಅವರಿಂದ ಲೈಂಗಿಕ ಸಂಪರ್ಕದಲ್ಲಿ ಇನ್ನೊಬ್ಬರಿಗೆ ಹರಡಲ್ಲ. ಮದುವೆ, ಮಕ್ಕಳು, ಮುಪ್ಪು ಎಲ್ಲ ಸಾಧ್ಯ. ಹೆದರಿಕೆಯ ಜಾಹೀರಾತುಗಳ ಕಾಲದಲ್ಲಿ ಬೆಳೆದವರಿಗೆ ಈ ಸುದ್ದಿ ಇನ್ನೂ ತಲುಪಿಲ್ಲ.

‘ಊರಿಗೆಲ್ಲ ಗೊತ್ತಾದ್ರೆ?’ ಈ ಭಯ ಸುಳ್ಳಲ್ಲ. ಸಣ್ಣ ಊರು. ಲ್ಯಾಬ್‌ನಲ್ಲಿರುವವರು ದೊಡ್ಡಪ್ಪನ ಮಗಳ ಗಂಡನೇ ಆಗಿರಬಹುದು. ಅದಕ್ಕೇ ಕಾನೂನಿದೆ. 2017ರ ಎಚ್.ಐ.ವಿ. ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ. ಕಾನೂನು ಹೇಳಿದ ಸಂದರ್ಭ ಬಿಟ್ಟು ನಿಮ್ಮ ಸ್ಥಿತಿಯನ್ನ ಬೇರೆಯವರಿಗೆ ಹೇಳುವ ಹಾಗಿಲ್ಲ. ಕೆಲಸದಿಂದ ತೆಗೆಯುವ ಹಾಗಿಲ್ಲ, ಆಸ್ಪತ್ರೆಯಲ್ಲಿ ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ, ಮಗುವನ್ನ ಶಾಲೆಯಿಂದ ಕಳಿಸುವ ಹಾಗಿಲ್ಲ. ಕಾಯ್ದೆ ಇದ್ದ ಮಾತ್ರಕ್ಕೆ ಎಲ್ಲರ ಬಾಯಿ ಮುಚ್ಚುತ್ತೆ ಅಂತ ನಾನು ಹೇಳಲ್ಲ. ನಿಮ್ಮ ತಾಲೂಕಿನಲ್ಲಿ ಮುಜುಗರ ಅಂದರೆ ಪಕ್ಕದ ತಾಲೂಕಿಗೆ ಹೋಗಿ. ಅಜ್ಜಂಪುರದವರು ತರೀಕೆರೆಗೆ ಹೋಗಿ, ತರೀಕೆರೆಯವರು ಕಡೂರಿಗೆ ಹೋಗಿ, ಕಡೂರಿನವರು ಚಿಕ್ಕಮಗಳೂರಿಗೆ ರೈಲು ಹತ್ತಿ. ಯಾವ ಊರಿನವರು ಯಾವ ಊರಲ್ಲಿ ಮಾಡಿಸಿದರೂ ರಕ್ತ ಒಂದೇ.

‘ಇದೆಲ್ಲ ಡ್ರೈವರ್‌ಗಳಿಗೆ, ಊರು ಬಿಟ್ಟು ದುಡಿಯೋರಿಗೆ’ ಅನ್ನೋರಿಗೂ ಒಂದು ಮಾತು. ಲಾರಿ ಚಾಲಕರಿಗೆ, ವಲಸೆ ಕಾರ್ಮಿಕರಿಗೆ ಸರ್ಕಾರದ ಪ್ರತ್ಯೇಕ ಕಾರ್ಯಕ್ರಮ ಇದೆ, ಅವರಲ್ಲಿ ಎಷ್ಟೋ ಜನ ಪರೀಕ್ಷೆ ಮಾಡಿಸಿಕೊಂಡಿದ್ದಾರೆ. ಯಾವ ಕಾರ್ಯಕ್ರಮದ ಪಟ್ಟಿಯಲ್ಲೂ ಇಲ್ಲದವನು ಮೇಷ್ಟ್ರು, ಗುಮಾಸ್ತ, ಅಂಗಡಿ ಮಾಲೀಕ, ಎಂಜಿನಿಯರ್, ತೋಟದ ಯಜಮಾನ. ಅವನಿಗೆ ಯಾರೂ ಕೇಳಲ್ಲ, ಯಾಕೆಂದರೆ ಅವನು ಮರ್ಯಾದಸ್ಥ. ಸೋಂಕಿಗೆ ಮರ್ಯಾದೆ ಗೊತ್ತಿಲ್ಲ. ಗಂಡಸರ ಜೊತೆಗೇ ಸಂಬಂಧ ಇರುವ ಗಂಡಸರು ನಮ್ಮ ಊರುಗಳಲ್ಲೂ ಇದ್ದಾರೆ, ಅವರಲ್ಲಿ ಮದುವೆಯಾದವರೂ ಇದ್ದಾರೆ. ಅದು ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿಯಾಗಿದೆ. ಅವರು ಪರೀಕ್ಷೆಗೆ ಬಂದಾಗ ಆಸ್ಪತ್ರೆಯವರು ಹುಬ್ಬೇರಿಸಿದರೆ, ಅವರು ಮತ್ತೆ ಆ ಕಡೆ ತಲೆ ಹಾಕಲ್ಲ. ಆಸ್ಪತ್ರೆಯ ಕೆಲಸ ತೀರ್ಪು ಕೊಡೋದಲ್ಲ, ಮದ್ದು ಕೊಡೋದು.

ಕಡೆಗೆ ಮೂರು ಜನಕ್ಕೆ ಮೂರು ಮಾತು.

ಸರ್ಕಾರಕ್ಕೆ: 9ನೇ ತಾರೀಖಿನ ಆ ದಿನಾನೇ ಗಂಡಂದಿರಿಗೂ ಒಂದು ಟೇಬಲ್ ಹಾಕಿ. ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ. ಪರೀಕ್ಷಾ ಕಿಟ್ ಇದೆ, ಸಮಾಲೋಚಕರಿದ್ದಾರೆ, ಗಂಡ ಗೇಟಿನ ಹತ್ತಿರವೇ ನಿಂತಿದ್ದಾನೆ. ಕರೆಯೋಕೆ ಒಬ್ಬರು ಬೇಕು, ಅದೂ ಗಂಡು ಸಿಬ್ಬಂದಿ ಆದರೆ ಒಳ್ಳೆಯದು. ಎಲ್ಲವನ್ನೂ ಆಶಾ ಕಾರ್ಯಕರ್ತೆಯ ತಲೆ ಮೇಲೆ ಹೊರಿಸಬೇಡಿ. ಬಲವಂತ ಬೇಡ, ಗಂಡ ಬರಲಿಲ್ಲ ಅಂತ ಹೆಂಡತಿಗೆ ಸಿಗಬೇಕಾದ್ದನ್ನ ನಿಲ್ಲಿಸಲೂಬಾರದು. ವಾರಕ್ಕೊಂದು ಸಂಜೆ ಕ್ಲಿನಿಕ್ ತೆಗೆದಿಡಿ, ದಿನಗೂಲಿಯವನು ಬೆಳಗ್ಗೆ ಹತ್ತಕ್ಕೆ ಬರೋಕಾಗಲ್ಲ. ಅಡಿಕೆ ಮಂಡಿಗೆ ಹೋಗಿ, ಈರುಳ್ಳಿ ಲೋಡ್ ಆಗುವ ಕಡೆ ಹೋಗಿ. ಅಲ್ಲಿ ಬಿ.ಪಿ., ಶುಗರ್ ಪರೀಕ್ಷೆಯ ಜೊತೆಗೇ ಇದನ್ನೂ ಇಡಿ. ಆಗ ಸಾಲಲ್ಲಿ ನಿಂತವನು ಯಾವುದಕ್ಕೆ ನಿಂತಿದ್ದಾನೆ ಅಂತ ಪಕ್ಕದವನಿಗೆ ಗೊತ್ತಾಗಲ್ಲ. ನಮ್ಮ ಪಕ್ಕದ ಶ್ರೀಲಂಕಾ ತಾಯಿಯಿಂದ ಮಗುವಿಗೆ ಎಚ್.ಐ.ವಿ., ಸಿಫಿಲಿಸ್ ಹರಡೋದನ್ನ ನಿರ್ಮೂಲ ಮಾಡಿದ ದೇಶ ಅಂತ 2019ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯಿಂದ ಮಾನ್ಯತೆ ಪಡೆಯಿತು. ಅವರಿಗೆ ಆಗಿದ್ದು ನಮಗೆ ಆಗಲ್ಲ ಅನ್ನೋಕೆ ಕಾರಣ ಇಲ್ಲ.

ಮನೆಯ ಹಿರಿಯರಿಗೆ: ಮದುವೆಗೆ ಮುಂಚೆ ಹತ್ತು ಪೊರುತ್ತ ನೋಡ್ತೀರಿ, ಗೋತ್ರ ನೋಡ್ತೀರಿ, ಎಷ್ಟು ಎಕರೆ ಅಂತ ನೋಡ್ತೀರಿ. ಹುಡುಗ ಹುಡುಗಿ ಇಬ್ಬರೂ ಕೂಡಿ ಒಂದು ರಕ್ತಪರೀಕ್ಷೆ ಮಾಡಿಸಿಕೊಳ್ಳೋಣ ಅಂದರೆ ಅಡ್ಡ ಬರಬೇಡಿ. ಅದು ಅನುಮಾನದ ಮಾತಲ್ಲ, ಜವಾಬ್ದಾರಿಯ ಮಾತು. ಸೊಸೆಯ ಬಸಿರು ಇಳಿದಾಗ ಮಗನನ್ನೂ ಡಾಕ್ಟರ ಹತ್ತಿರ ಕಳಿಸಿ.

ಗಂಡಸರಿಗೆ, ನನ್ನ ಓರಗೆಯವರಿಗೆ: ಬೈಕ್‌ಗೆ ಪ್ರತಿ ಮೂರು ಸಾವಿರ ಕಿಲೋಮೀಟರಿಗೆ ಸರ್ವೀಸ್ ಮಾಡಿಸ್ತೀವಿ. ಸೌಂಡ್ ಬದಲಾದರೆ ಮೆಕ್ಯಾನಿಕ್ ಹತ್ತಿರ ಓಡ್ತೀವಿ. ಮದುವೆಗೆ ಮುಂಚೆ ಏನಾಗಿತ್ತು, ಊರು ಬಿಟ್ಟು ಇದ್ದಾಗ ಏನಾಗಿತ್ತು ಅಂತ ನಾನು ಕೇಳ್ತಿಲ್ಲ. ಸಮಾಲೋಚಕರೂ ಬೈಯೋಕೆ ಕೇಳಲ್ಲ. ಕಾಂಡೋಮ್ ಬಳಸಿ, ಅದು ಪುಕ್ಕಟೆ ಸಿಗುತ್ತೆ. ಹೆಪಟೈಟಿಸ್ ಬಿ ಸೋಂಕಿಗೆ ಲಸಿಕೆ ಇದೆ, ಹಾಕಿಸಿಕೊಳ್ಳಿ. ಮುಂದಿನ ಸಲ ಹೆಂಡತಿಯನ್ನ ತಪಾಸಣೆಗೆ ಕರ್ಕೊಂಡು ಹೋದಾಗ ಯಾರೂ ಕರೆಯದಿದ್ದರೂ ಒಳಗೆ ಹೋಗಿ. ‘ನನ್ನದೂ ನೋಡಿ’ ಅಂತ ಹೇಳಿ. ಎರಡೇ ಪದ. ನಿಮ್ಮ ಮಗುವಿಗೆ ಅಪ್ಪನಾಗಿ ನೀವು ಮಾಡುವ ಮೊದಲನೇ ಕೆಲಸ ಅದೇ ಆಗಲಿ.

ಸಹಾಯವಾಣಿ ಸಂಖ್ಯೆ ಇನ್ನೊಂದು ಸಲ ಹೇಳ್ತೀನಿ, ಬರ್ಕೊಳ್ಳಿ. 1097.